ಅತ್ತೆಗೆ ಕಂಪಾಲಾ ತೋರಿಸಿದ್ದು

ಹೆಂಡತಿಯ ಅಕ್ಕನ ಗಂಡ ಎಂಬ ಪ್ರಾಣಿಯನ್ನು ದೇವರು ಯಾಕೆ ಸೃಷ್ಟಿಸಿದನೋ ನನಗೆ ತಿಳಿಯದು. ನನ್ನ ಷಡ್ಡಕ ಕಾಗ್ವಾ ಹೋದ ವರ್ಷ ಅತ್ತೆಯನ್ನು ತನ್ನ ಕಾರಿನಲ್ಲಿ ಎಂಟೆಬೆಗೆ ಕರೆದುಕೊಂಡು ಹೋಗಿ ಸರೋವರ, ಸಿಂಹ, ವಿಮಾನ ಮೂರನ್ನೂ ಒಂದೇ ದಿನದಲ್ಲಿ ತೋರಿಸಿಬಿಟ್ಟ. ಅಂದಿನಿಂದ ಅತ್ತೆಯ ಹಳ್ಳಿಯಲ್ಲಿ ಬಾಳೆಎಲೆ ಅಲುಗಿದರೂ 'ಹಿರಿಯಳಿಯ, ಹಿರಿಯಳಿಯ' ಎಂದೇ ಸದ್ದು. ಕಿರಿಯಳಿಯನಾದ ಲುಬೋವ ಎಂಬ ನಾನು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಮದುವೆಯಾದಂದಿನಿಂದ ಅತ್ತೆಯ ಬಾಯಿಂದ ನನ್ನ ಬಗ್ಗೆ ಹೊರಟ ಮಾತು ಒಂದೇ ಒಂದು. ಯಾರೋ 'ನಿಮ್ಮ ಎರಡನೇ ಅಳಿಯ ಹೇಗೆ?' ಎಂದು ಕೇಳಿದ್ದಕ್ಕೆ, 'ಇದ್ದಾನೆ' ಅಂದಿದ್ದರಂತೆ.

ಮೆಚ್ಚಿಸೋಣವೆಂದರೆ ಹತ್ತಿರ ಹೋಗುವಂತಿಲ್ಲವಲ್ಲ! ನಮ್ಮಲ್ಲಿ ಅಳಿಯನೂ ಅತ್ತೆಯೂ ಒಬ್ಬರ ಮುಖವನ್ನು ಒಬ್ಬರು ನೋಡಬಾರದು, ಜೊತೆಗೆ ಕೂತು ಉಣ್ಣಬಾರದು, ಮಾತಾಡಿದರೂ ನಡುವೆ ಒಬ್ಬರಿರಬೇಕು. ಅಪ್ಪಿತಪ್ಪಿ ಮೈ ತಾಗಿದರೆ ಕೈ ನಡುಗುವ ರೋಗ ಬರುತ್ತದೆ ಎಂದು ಹಿರಿಯರ ಮಾತು. (ಕಾಗ್ವಾನ ಕೈ ನಡುಗುವುದು ಬಿಯರಿನಿಂದ. ಅದು ಬೇರೆ ಪುರಾಣ.) ಈಗಿನ ಹುಡುಗರು ಇದನ್ನೆಲ್ಲ ಗಾಳಿಗೆ ತೂರಿದ್ದಾರೆ. ನಮ್ಮ ಅತ್ತೆ ತೂರಿಲ್ಲ. ನಾನು ಹಳ್ಳಿಗೆ ಹೋದರೆ ಅವರು ಅಡುಗೆಮನೆಯ ಕದದ ಹಿಂದೆ, ನಾನು ಅಂಗಳದ ಮರದ ಕೆಳಗೆ. ನನಗೆ ಅವರ ಬೆನ್ನು ಗೊತ್ತು, ದನಿ ಗೊತ್ತು. ಅವರಿಗೆ ನನ್ನ ಮದುವೆಯ ಫೋಟೋ ಗೊತ್ತು. ಅದರಲ್ಲಿ ನನಗೆ ತಲೆತುಂಬ ಕೂದಲಿದೆ, ಹೊಟ್ಟೆ ಇಲ್ಲ.

ಇಂಥ ಅತ್ತೆ ಚರ್ಚಿನ ಯಾವುದೋ ಸಮಾರಂಭಕ್ಕೆಂದು ಕಂಪಾಲಾಕ್ಕೆ ಬಂದು ತಮ್ಮ ತಂಗಿಯ ಮನೆಯಲ್ಲಿ ಇಳಿದುಕೊಂಡರು. (ಅಳಿಯನ ಮನೆಯಲ್ಲಿ ಮಲಗುವುದೇ? ಎಲ್ಲಾದರೂ ಉಂಟೇ!)

"ನಾಡಿದ್ದು ಅಮ್ಮ ಊರಿಗೆ ಹೊರಡ್ತಾಳೆ. ಇಷ್ಟು ದೂರ ಬಂದು ಚರ್ಚು ಬಿಟ್ರೆ ಬೇರೇನೂ ನೋಡಿಲ್ಲ," ಎಂದಳು ನನ್ನ ಹೆಂಡತಿ ಪ್ರೊಸ್ಕೋವಿಯಾ, ಬಾಳೆಕಾಯಿ ಹೆರೆಯುತ್ತ.

"ನಾನು ತೋರಿಸ್ತೀನಿ."

"ನೀವಾ? ನೀವಿರೋ ಬೀದಿಗೇ ಅವಳು ಕಾಲಿಡಲ್ಲ."

"ನಾನು ಬಂದಿದ್ದೀನಿ ಅಂತ ಅವರಿಗೆ ಗೊತ್ತಾದ್ರೆ ತಾನೆ? ನಾನು ಮುಂದೆ, ನೀವು ಹಿಂದೆ. ಜಾಗ ಹಿಡಿಯೋದು, ಟಿಕೆಟ್ಟು ತಗೊಳ್ಳೋದು, ಒಳ್ಳೆ ಊಟ ಹೇಳೋದು, ಎಲ್ಲ ನಂದು. ಸಂಜೆ ನೀನು ಮೆಲ್ಲಗೆ ಹೇಳು. 'ಅಮ್ಮಾ, ಇದೆಲ್ಲ ನಿನ್ನ ಕಿರಿಯಳಿಯ ಮರೆಯಲ್ಲೇ ನಿಂತು ಮಾಡಿಸಿದ್ದು. ಮರ್ಯಾದೆ ಅಂದ್ರೆ ಇದು' ಅಂತ. ಕಾಗ್ವಾ ಕಾರಿನ ಸಮೇತ ಹಳ್ಳಕ್ಕೆ ಬಿದ್ದ ಅಂತ್ಲೇ ಲೆಕ್ಕ."

ಅವಳು ನನ್ನನ್ನು ಮೇಲಿಂದ ಕೆಳಗೆ, ಆಮೇಲೆ ನಡುವೆ, ನೋಡಿದಳು. "ನಿಮ್ಮನ್ನ ಮರೆ ಮಾಡೋ ಅಂಥ ಮರ ಕಂಪಾಲಾದಲ್ಲಿ ಇನ್ನೂ ಬೆಳೆದಿಲ್ಲ ಕಣ್ರೀ," ಎಂದಳು.

ಹೆಂಡತಿಯ ಮಾತನ್ನು ಕೇಳಬಾರದು ಎಂದು ನಾನು ತೀರ್ಮಾನಿಸಿಯಾಗಿತ್ತು.

ಮರುದಿನ, ಶನಿವಾರ ಬೆಳಿಗ್ಗೆ, ನಮ್ಮ ದಂಡಯಾತ್ರೆ ಹೊರಟಿತು. ಅವರಿಬ್ಬರು ವ್ಯಾನಿನಲ್ಲಿ, ನಾನು ಬಾಡಿಗೆ ಬೈಕಿನ ಹಿಂದುಗಡೆ. ಮೊದಲು ಗುಡ್ಡದ ಮೇಲಿನ ದೊಡ್ಡ ಮಸೀದಿಯ ಮಿನಾರು. ಬಾಗಿಲಲ್ಲಿ ಹೆಂಗಸರಿಗೆ ಮೈತುಂಬ ಹೊದೆಯಲು ಬಟ್ಟೆ ಕೊಡುತ್ತಾರೆ. ನನಗೂ ಒಂದು ಕೇಳಬೇಕಿತ್ತು, ಬುದ್ಧಿ ಓಡಲಿಲ್ಲ. ಮೇಲೆ ಗಾಳಿ ಹೇಗಿದೆ, ಅತ್ತೆಗೆ ತಲೆ ಸುತ್ತುತ್ತದೆಯೋ ಎಂದು ಪರೀಕ್ಷಿಸಲು ನಾನೇ ಮುಂದಾಗಿ ಏದುಸಿರು ಬಿಡುತ್ತ ಹತ್ತಿದೆ. ಇಳಿಯೋಣವೆಂದು ತಿರುಗಿದರೆ ಕೆಳಗಿಂದ ಅತ್ತೆಯ ದನಿ ಹತ್ತಿ ಬರುತ್ತಿದೆ. ಇರುವುದು ಒಂದೇ ಮೆಟ್ಟಿಲು, ಅದೂ ಸುರುಳಿ ಮೆಟ್ಟಿಲು.

ತುದಿಯಲ್ಲಿ ಗೋಪುರದ ಸುತ್ತ ಒಂದು ಕಿರಿದಾದ ಬಾಲ್ಕನಿ. ಅತ್ತೆ ಈ ಕಡೆ ಬಂದರೆ ನಾನು ಆ ಕಡೆ. "ಅದೋ ರುಬಾಗಾ ಬೆಟ್ಟ! ಅದೋ ಮೆಂಗೋ, ರಾಜರ ಅರಮನೆ!" ಎಂದು ಅತ್ತೆ ಎಳೆ ಮಗುವಿನಂತೆ ಕುಣಿಯುತ್ತ ಒಂದು ಸುತ್ತು ಹಾಕಿದರು. ನಾನೂ ಹಾಕಿದೆ. ಅವರಿಗೆ ತೃಪ್ತಿಯಾಗಲಿಲ್ಲ, ಇನ್ನೊಂದು ಸುತ್ತು. ನಾನೂ. ಊರು ತೋರಿಸುವ ಹುಡುಗ ನನ್ನನ್ನು ತಡೆದು, "ಸೆಬೊ, ಯಾಕೆ ಸ್ವಾಮೀ ಗಾಣದೆತ್ತಿನ ಹಾಗೆ ಓಡ್ತಾ ಇದ್ದೀರಿ? ಬೆಟ್ಟ ಎಲ್ಲೂ ಹೋಗಲ್ಲ," ಎಂದ.

ಗೋಪುರದ ಆಚೆಯಿಂದ ಅತ್ತೆಯ ದನಿ ಕೇಳಿತು. "ಪ್ರೊಸ್ಸಿ, ಯಾರೋ ನಮ್ಮನ್ನೇ ಸುತ್ತುತ್ತಾ ಇದ್ದಾನೆ ಕಣೇ."

"ಗಾಳಿ ಕಣಮ್ಮ."

"ಗಾಳಿಗೆ ಬೋಳುತಲೆ ಇರುತ್ತಾ?"

ಮಧ್ಯಾಹ್ನ ಗ್ಗಾಬಾದ ಸರೋವರದ ದಡಕ್ಕೆ ಬಂದೆವು. ಅಲ್ಲಿನ ಮೀನಿನ ಊಟಕ್ಕೆ ಸತ್ತವನೂ ಎದ್ದು ಕೂರಬೇಕು. ನಾನು ಅವರಿಗೆ ಬೆನ್ನು ಹಾಕಿ ಒಂದು ಕಂಬದ ಹಿಂದೆ ಕೂತು, ಬಡಿಸುವ ಹುಡುಗಿಯನ್ನು ಕರೆದು, "ಅಗೋ, ಆ ಇಬ್ಬರಿಗೆ ಇರೋದ್ರಲ್ಲಿ ದೊಡ್ಡ ಮೀನು ಇಡಿಯಾಗಿ ಹುರಿದು ಕೊಡು. ಯಾರು ಕಳಿಸಿದ್ದು ಅಂತ ಮಾತ್ರ ಹೇಳಬೇಡ," ಎಂದೆ. ನನಗೆಂದು ಏನೂ ಹೇಳಲಿಲ್ಲ. ಅತ್ತೆ ಇರುವ ಕಡೆ ಬಾಯಿ ಆಡಿಸುವ ಅಳಿಯ ನಾನಲ್ಲ.

ಹುಡುಗಿ ಸತ್ಯಸಂಧೆ. ಅತ್ತೆಯ ಮುಂದೆ ಮಂಡಿಯೂರಿ ತಟ್ಟೆಯಿಟ್ಟು, "ಆ ಕಂಬದ ಹಿಂದಿರೋ ಬೋಳುತಲೆ ಸಾಹೇಬರು ಕಳಿಸಿದ್ದು. ಯಾರು ಕಳಿಸಿದ್ದು ಅಂತ ಹೇಳಬೇಡ ಅಂದಿದ್ದಾರೆ," ಎಂದು ಸ್ಪಷ್ಟವಾಗಿ ನಿವೇದಿಸಿದಳು.

"ಅದೇ ಬೋಳ!" ಅತ್ತೆಯ ದನಿ ಏರಿತು. "ಗಂಡ ಇರೋ ಹೆಂಗಸಿಗೆ ಮೀನು ಕಳಿಸ್ತಾನಾ? ಯಾರೇ ಅವನು?"

"ಹಾಳಾಗ್ಲಿ ಬಿಡಮ್ಮ. ತಿನ್ನು, ಆರುತ್ತೆ."

"ತಿನ್ತೀನಿ. ಮೀನೇನು ತಪ್ಪು ಮಾಡಿದೆ?" ಸ್ವಲ್ಪ ಹೊತ್ತು ಮುಳ್ಳು ಬಿಡಿಸುವ ಸದ್ದು. ಆಮೇಲೆ ಒಂದು ನಿಟ್ಟುಸಿರು. "ಪಾಪ, ಅಲ್ಲಿ ನನ್ನ ಅಳಿಯ ಹಸು ಹಾಗೆ ಮನೇಲಿ ಕೂತಿದ್ದಾನೆ. ಇಲ್ಲಿ ಈ ನರಿ ಅವನ ಹೆಂಡತಿಗೆ ಬಲೆ ಬೀಸ್ತಾ ಇದೆ."

ನನ್ನ ಅಳಿಯ! ಇಷ್ಟು ವರ್ಷಕ್ಕೆ ಮೊದಲ ಸಲ! ಕಂಬವನ್ನು ತಬ್ಬಿಕೊಂಡು ಅತ್ತುಬಿಡೋಣ ಎನ್ನಿಸಿತು. ಬುದ್ಧಿ ಇದ್ದವನಾಗಿದ್ದರೆ ಅಲ್ಲಿಂದಲೇ ಮನೆಗೆ ಹೋಗುತ್ತಿದ್ದೆ. ಆದರೆ ಹೊಗಳಿಕೆಯ ರುಚಿ ಹತ್ತಿದವನು ಅರ್ಧಕ್ಕೆ ಎದ್ದುಹೋಗುವುದು ಹೇಗೆ? ಇನ್ನೂ ಏನೇನು ಹೇಳುತ್ತಾರೋ ಕೇಳೋಣವೆಂದು ಊರ ನಡುವಿನ ಪಾರ್ಕಿಗೂ ಹಿಂಬಾಲಿಸಿದೆ.

ಅವರು ಬೆಂಚಿನ ಮೇಲೆ ಕೂತರು. ನಾನು ಬೆಂಚಿನ ಹಿಂದಿನ ಪೊದೆಯಲ್ಲಿ ಕೂತೆ. ಹೊಟ್ಟೆ ಚುರುಗುಟ್ಟುತ್ತಿದ್ದುದರಿಂದ ಬರುವಾಗ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ ತಂದಿದ್ದೆ. (ಪೊದೆಯೊಳಗೆ ತಿಂದರೆ ಅತ್ತೆಯ ಎದುರು ತಿಂದಂತೆ ಆಗುವುದಿಲ್ಲ ಎಂದು ಹಸಿವು ವಾದಿಸಿತು.) ಬಾಯಿಗಿಡಬೇಕು, ಅಷ್ಟರಲ್ಲಿ ಬೆನ್ನ ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡಂತಾಯಿತು. ನೋಡಿದರೆ ಕಲೋಲಿ ಹಕ್ಕಿ! ನನ್ನಷ್ಟೇ ಬೋಳು, ನನ್ನೆದೆಯಷ್ಟು ಎತ್ತರ, ಮೊಳದುದ್ದ ಕೊಕ್ಕು. ಊರ ತಿಪ್ಪೆಯೆಲ್ಲ ತಿಂದು ಬೆಳೆದ ಈ ಕೊಕ್ಕರೆಗೆ ನನ್ನ ಮಾಂಸದ ಮೇಲೆಯೇ ಕಣ್ಣು. ಅದು ಎಳೆಯಿತು, ನಾನು ಬಿಡಲಿಲ್ಲ. ಬಿಟ್ಟಿದ್ದರೆ ಮಾನ ಉಳಿಯುತ್ತಿತ್ತು. 'ಅಯ್ಯೋ' ಎಂದು ಅರಚಿಕೊಂಡು ಪೊದೆ ಸಮೇತ ಉರುಳಿ ಅತ್ತೆಯ ಪಾದದ ಬಳಿಗೆ ಬಂದು ಬಿದ್ದೆ.

ಅತ್ತೆ ಕೂಗಲಿಲ್ಲ, ಬೆದರಲಿಲ್ಲ. ಕೊಡೆ ಎತ್ತಿಕೊಂಡರು.

"ನನ್ನ ಅಳಿಯ ಬಂಗಾರದಂಥವನು!" ಬೆನ್ನಿಗೆ ಒಂದು ಬಿತ್ತು. "ಜೋರಾಗಿ ಮಾತಾಡಿದವನಲ್ಲ!" ಭುಜಕ್ಕೆ. "ನನ್ನ ಮಗಳ ಕಣ್ಣಲ್ಲಿ ಒಂದು ಹನಿ ನೀರು ಬರಿಸಿಲ್ಲ!" ನೆತ್ತಿಗೆ. "ಅಂಥವನ ಹೆಂಡತಿ ಹಿಂದೆ ಬೀಳ್ತೀಯಾ, ಬೋಳಾ!"

ನಾನು ಇಷ್ಟು ವರ್ಷ ಕಾದಿದ್ದ ಹೊಗಳಿಕೆಯೆಲ್ಲ ಏಟಿಗೊಂದರಂತೆ ಬಿತ್ತು. ನೋವಾಗಲಿಲ್ಲ ಎಂದರೆ ಸುಳ್ಳು. ಆದರೂ ಸತ್ಯ ಹೇಳುತ್ತೇನೆ, ನಿಲ್ಲಿಸಲಿ ಎಂದು ಅನ್ನಿಸಲಿಲ್ಲ. (ಕೊಡೆಯಿಂದ ಹೊಡೆದರೆ ಮೈ ಮುಟ್ಟಿದಂತೆ ಆಗುತ್ತದೆಯೋ ಇಲ್ಲವೋ, ಹಿರಿಯರು ಏನೂ ಹೇಳಿಟ್ಟಿಲ್ಲ. ನಾನು ಮಾತ್ರ ಸಂಪ್ರದಾಯ ಮೀರದೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದೆ.)

ಕಾವಲುಗಾರ ಓಡಿಬಂದು ನನ್ನ ಕೊರಳಪಟ್ಟಿ ಹಿಡಿದ. "ನ್ಯಾಬೊ, ಈ ಮನುಷ್ಯ ನಿಮಗೆ ಗೊತ್ತಾ ಅಮ್ಮಾ?" ಎಂದು ನನ್ನ ಹೆಂಡತಿಯನ್ನು ಕೇಳಿದ.

ನಾನು ಬೆರಳ ಸಂದಿಯಿಂದ ನೋಡಿದೆ. ಪ್ರೊಸ್ಕೋವಿಯಾ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. 'ಹೌದು, ನನ್ನ ಗಂಡ' ಎಂದರೆ ಅತ್ತೆ ನಾಚಿಕೆಯಿಂದ ಅಲ್ಲೇ ಪ್ರಾಣ ಬಿಡುತ್ತಾರೆ. ಅಳಿಯನನ್ನು ಬಡಿದ ಅತ್ತೆ ಎಂದು ಹಳ್ಳಿಯಲ್ಲಿ ತಲೆ ಎತ್ತುವ ಹಾಗಿರುವುದಿಲ್ಲ.

"ಇವನನ್ನ ನಾನು ಎಲ್ಲೂ ನೋಡಿಲ್ಲಪ್ಪ," ಎಂದಳು ಧರ್ಮಪತ್ನಿ.

ಗೇಟಿನಾಚೆ ತಳ್ಳಿಸಿಕೊಂಡವನು ಬೈಕು ಹಿಡಿದು ಮನೆ ಸೇರಿ, ಕೋಣೆಯಲ್ಲಿ ಕೂತು ನೆತ್ತಿಯ ಬುಗುಟಿಗೆ ಒದ್ದೆ ಬಟ್ಟೆ ಒತ್ತಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ತಾಯಿ ಮಗಳು ಬಂದರು. ಅತ್ತೆ ನಮ್ಮ ಮನೆಗೆ ಬರುವುದೇ ಅಪರೂಪ. ಹಜಾರದಲ್ಲಿ ಅವರು, ಕೋಣೆಯಲ್ಲಿ ನಾನು, ನಡುವೆ ಪರದೆ. ಚಹಾ ಕುಡಿದು ಅವರು ಮಗಳೊಂದಿಗೆ, ಆದರೆ ನನಗೆ ಕೇಳಿಸುವಷ್ಟು ಗಟ್ಟಿಯಾಗಿ, ಮಾತಿಗೆ ತೊಡಗಿದರು.

"ಪ್ರೊಸ್ಸಿ, ಅಳಿಯಂದಿರಿಗೆ ಹೇಳು. ಇಂಥ ಸುಖದ ದಿನ ನಾನು ಕಂಡಿಲ್ಲ. ಹಿರಿಯವನು ಕಾರಲ್ಲಿ ಕರ್ಕೊಂಡು ಹೋದ, ಇಲ್ಲ ಅನ್ನಲ್ಲ. ಆದ್ರೆ ದಾರಿಯುದ್ದಕ್ಕೂ ಕನ್ನಡೀಲಿ ನನ್ನ ಮುಖ ನೋಡ್ತಾ ಇದ್ದ, ನಾಚಿಕೆ ಇಲ್ಲದವನು. ಸಿಂಹ ನೋಡಿದೆನೋ ಇಲ್ವೋ ನಂಗೆ ನೆನಪೇ ಇಲ್ಲ. ಇವರು ನೋಡು, ನಮ್ಮ ಪಾಡಿಗೆ ನಮ್ಮನ್ನ ಬಿಟ್ಟು ಹೊಸಿಲು ದಾಟದೆ ಕೂತಿದ್ರು. ಅಳಿಯ ಅಂದ್ರೆ ಇವರು. ಊರಿಗೆ ಹೋಗಿ ಎಲ್ಲರ ಹತ್ರ ಹೇಳ್ತೀನಿ."

ಪರದೆಯ ಹಿಂದೆ ನಾನು, ಇಡೀ ದಿನ ಹೊಸಿಲು ದಾಟದ ಅಳಿಯ, ತಲೆಯನ್ನು ಸವರಿಕೊಂಡೆ. ನಿಜ ಹೇಳಿದರೆ ಹೊಗಳಿಕೆ ಹೋಗುತ್ತದೆ, ಹೇಳದಿದ್ದರೆ ಪಟ್ಟ ಪಾಡೆಲ್ಲ ಮಣ್ಣುಪಾಲು. ಪಾಡು ಹೋದರೆ ಹೋಗಲಿ. ಕಾಗ್ವಾನನ್ನು ಗೆದ್ದೆನಲ್ಲ, ಆ ಖುಷಿಗೆ ಬುಗುಟಿನ ನೋವೂ ಹಿತವಾಗಿಯೇ ಇತ್ತು.

ಅವರನ್ನು ತಂಗಿಯ ಮನೆ ಕಡೆಯ ವ್ಯಾನು ಹತ್ತಿಸಿ ಬಂದ ಪ್ರೊಸ್ಕೋವಿಯಾ ಬಾಗಿಲಿಗೆ ಒರಗಿ ನಿಂತು ನಕ್ಕಳು, ನಕ್ಕಳು, ಕಣ್ಣೊರೆಸಿಕೊಂಡಳು.

"ಕ್ರಿಸ್ಮಸ್ಸಿಗೆ ಮತ್ತೆ ಬರ್ತಾಳಂತೆ, ಉಳಿದ ಊರು ನೋಡೋಕೆ."

"ಬರಲಿ, ಸಂತೋಷ. ನಾನಂತೂ ಮನೇಲೇ ಇರ್ತೀನಿ."

"ಅದೇ ಯೋಚನೆ ನಂಗೆ," ಎಂದಳು. "ವ್ಯಾನು ಹತ್ತುವಾಗ ಅಮ್ಮ ಯಾರಿಗೂ ಕೇಳಿಸದ ಹಾಗೆ ನನ್ನ ಕಿವೀಲಿ ಹೇಳಿದ್ಲು. 'ಮೀನು ಭಾರಿ ರುಚಿಯಾಗಿತ್ತು ಕಣೇ. ಆ ಬೋಳ ಕ್ರಿಸ್ಮಸ್ಸಿಗೂ ಬರ್ತಾನಾ?' ಅಂತ."