ಮೊಳೆ ಜೋಡಿಸಿದ ಕೈಗೆ ಸ್ಟೈಲ್‌ಶೀಟು

ಬೇರೆಯವರ ಆಫೀಸಿನಲ್ಲಿ ಇಂಥವೆಲ್ಲ ಆಗುತ್ತವೋ ಇಲ್ಲವೋ ನನಗೆ ಗೊತ್ತಿಲ್ಲ. ಅರಸೀಕೆರೆಯ ನಮ್ಮ ಆಫೀಸಿನಲ್ಲಿ ಮಾತ್ರ ತಿಂಗಳಿಗೆ ಎರಡಾದರೂ ಆಗದಿದ್ದರೆ, ಯಜಮಾನರಿಗೆ ಮೈ ಸರಿಯಿಲ್ಲವೇನೋ ಎಂದು ನನಗೆ ಅನುಮಾನ ಬರುತ್ತದೆ.

ನಮ್ಮ ಯಜಮಾನರು ನಲವತ್ತು ವರ್ಷ ಪ್ರಿಂಟಿಂಗ್ ಪ್ರೆಸ್ ನಡೆಸಿದವರು. ಅಚ್ಚುಮೊಳೆ ಜೋಡಿಸಿ ಸುತ್ತಲಿನ ಊರುಗಳಿಗೆಲ್ಲ ಲಗ್ನಪತ್ರಿಕೆ ಮಾಡಿಕೊಟ್ಟವರು. ಜನ ಫೋನಿನಲ್ಲೇ ಮದುವೆಗೆ ಕರೆಯುವುದಕ್ಕೆ ಶುರುಮಾಡಿದ ಮೇಲೆ ಮಷೀನು ಮಾರಿ, ಅದೇ ಮಳಿಗೆಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಆಫೀಸು ತೆರೆದರು. ಹಾರನಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ನಾನೇ ಅವರ ಏಕೈಕ ಡೆವಲಪರ್.

ವೆಬ್‌ಸೈಟಿನ ಬಣ್ಣ, ಅಂಚು, ಅಕ್ಷರದ ಗಾತ್ರ ಎಲ್ಲವನ್ನೂ ಹೇಳುವ ಕಡತಕ್ಕೆ ಸ್ಟೈಲ್‌ಶೀಟ್ ಅನ್ನುತ್ತೇವೆ. ಅದನ್ನು ನೇರವಾಗಿ ಬರೆಯುತ್ತಾ ಕೂತರೆ ಹೇಳಿದ್ದನ್ನೇ ನೂರು ಸಲ ಹೇಳಬೇಕು. ಅದಕ್ಕೆಂದೇ ಪ್ರಿಪ್ರೊಸೆಸರ್ ಇಟ್ಟುಕೊಂಡಿದ್ದೇವೆ. ಮೂಲ ಕಡತದಲ್ಲಿ ನಾವು ಚುಟುಕಾಗಿ ಬರೆದು ಕಂಪೈಲ್ ಮಾಡಿದರೆ, ಬ್ರೌಸರಿಗೆ ಬೇಕಾದ ಉದ್ದನೆಯ ಸ್ಟೈಲ್‌ಶೀಟನ್ನು ಅದೇ ತಯಾರಿಸಿಕೊಡುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದಕ್ಕೆ ಸಾಕು. ಯಜಮಾನರಿಗೆ ಇಷ್ಟು ತಿಳಿಸುವುದಕ್ಕೆ ನನಗೆ ಒಂದು ಮಳೆಗಾಲ ಪೂರ್ತಿ ಹಿಡಿಯಿತು.

೧. ಕಳ್ಳತನದ ಪತ್ತೆ

ಕಣಕಟ್ಟೆಯ ತೆಂಗಿನ ಸಸಿ ಮಾರುವವರೊಬ್ಬರ ಸೈಟು ಮಾಡುತ್ತಿದ್ದೆ. ಯಜಮಾನರು ಕನ್ನಡಕ ಏರಿಸಿ ನೋಡಿ, "ಎಡಗಡೆ ಮಾರ್ಜಿನ್ ಸಾಲ್ದು" ಅಂದರು. ನಾನು ಬಸ್ಸಿಗೆ ಹೊರಟ ಮೇಲೆ ಸಿದ್ಧವಾಗಿದ್ದ ಸ್ಟೈಲ್‌ಶೀಟನ್ನು ತೆರೆದು, ತಾವೇ ತಿದ್ದಿ, ಸಮಾಧಾನವಾಗಿ ಮನೆಗೆ ಹೋದರು.

ಮರುದಿನ ಮಧ್ಯಾಹ್ನ ನೋಡಿದರೆ ಅವರ ತಿದ್ದುಪಡಿ ಮಾಯ. ಮತ್ತೆ ತಿದ್ದಿದರು. ಮತ್ತೆ ಮಾಯ. ಮೂರನೆಯ ಸಲ ನನ್ನನ್ನು ಪಕ್ಕಕ್ಕೆ ಕರೆದು, "ಯಾರೋ ನಮ್ಮ ಕಂಪ್ಯೂಟರಿಗೆ ಕೈ ಹಾಕ್ತಿದ್ದಾರೆ ಕಣಮ್ಮ. ಯಾರಿಗೂ ಹೇಳ್ಬೇಡ. ನಾಳೆ ನಾನೇ ಕಾದು ಹಿಡೀತೀನಿ" ಅಂದರು.

ಮಾರನೆಯ ದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅವರು ಕಂಪ್ಯೂಟರಿನ ಎದುರಿಗೇ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಛತ್ರಿ ಇಟ್ಟುಕೊಂಡು ಕೂತಿದ್ದರು. ನಾನು ದಿನದಂತೆ ಬ್ಯಾಗು ಇಟ್ಟು, ಮೂಲ ಕಡತದಲ್ಲಿ ಏನೋ ಒಂದು ಬದಲಾಯಿಸಿ ಕಂಪೈಲ್ ಮಾಡಿದೆ. ಹೊಸ ಸ್ಟೈಲ್‌ಶೀಟು ಬಂದು ಹಳೆಯದರ ಜಾಗದಲ್ಲಿ ಕೂತಿತು. ಅವರ ಮಾರ್ಜಿನ್ ಅವರ ಕಣ್ಣೆದುರೇ ಹೋಯಿತು.

"ಅಯ್ಯೋ, ನೀನೇನಾ ಕಳ್ಳಿ!" ಎಂದು ಎದ್ದು ನಿಂತರು.

ನಾನು ವಿವರಿಸಿದೆ. ಸಿದ್ಧವಾದ ಕಡತವನ್ನು ತಿದ್ದಬಾರದು, ಪ್ರತಿ ಸಲ ಕಂಪೈಲ್ ಆದಾಗ ಅದು ಹೊಸದಾಗಿ ಹುಟ್ಟುತ್ತದೆ, ತಿದ್ದುವುದಿದ್ದರೆ ಮೂಲದಲ್ಲೇ ತಿದ್ದಬೇಕು ಎಂದೆ. ಅವರು ಒಪ್ಪಲಿಲ್ಲ. "ನಲವತ್ತು ವರ್ಷ ಪ್ರೂಫಿನ ಮೇಲೇ ತಿದ್ದಿದ್ದೀನಿ ಕಣಮ್ಮ" ಅಂದರು.

"ಹೌದು ಸರ್. ನೀವು ಪ್ರೂಫಿನ ಮೇಲೆ ಗುರುತು ಹಾಕ್ತಿದ್ರಿ. ಆಮೇಲೆ ಮೊಳೆ ಬದಲಾಯಿಸ್ತಿದ್ದೋರು ಯಾರು?"

"ಕಂಪೋಸಿಟರ್."

"ಇಲ್ಲಿ ಕಂಪೋಸಿಟರ್ ಇಲ್ಲ ಸರ್."

ಅವರಿಗೆ ಅರ್ಥವಾಗಿತ್ತು, ಅದಕ್ಕೇ ಮುಖ ಸಣ್ಣದಾಗಿತ್ತು. ಆಮೇಲೆ ಆಫೀಸಿನ ಬೀಗದ ಕೈ ನನ್ನ ಮೇಜಿನ ಮೇಲಿಟ್ಟು, "ಇದು ನನ್ನ ಕೈಲಾಗೋ ಕೆಲಸ ಅಲ್ಲ. ನೀನೇ ನೋಡ್ಕೊ. ನಾನು ಮನೇಲಿರ್ತೀನಿ" ಎಂದು ಹೊರಟೇಬಿಟ್ಟರು. ಎರಡು ನಿಮಿಷಕ್ಕೆ ವಾಪಸ್ ಬಂದರು. ನನ್ನ ಎದೆ ಹಗುರಾಯಿತು. ಅವರು ಬಂದದ್ದು ಛತ್ರಿಗೆ.

೨. ಮನೆಯಲ್ಲಿ ಮೂರು ದಿನ

ನಾಲ್ಕನೆಯ ದಿನ ಬೆಳಿಗ್ಗೆ ಯಜಮಾನರ ಹೆಂಡತಿಯ ಫೋನು. ನಾನು ಅವರನ್ನು ಅಮ್ಮಾವ್ರು ಅನ್ನುತ್ತೇನೆ. ಯಾವತ್ತೂ ಜೋರಾಗಿ ಮಾತಾಡದವರು, ಅವತ್ತಂತೂ ಪಿಸುಗುಟ್ಟುತ್ತಿದ್ದರು.

"ಹೇಗಾದ್ರೂ ಮಾಡಿ ಇವರನ್ನ ವಾಪಸ್ ಕರೆಸ್ಕೊಳ್ಳೆ, ಪುಣ್ಯ ಬರತ್ತೆ."

"ಯಾಕಮ್ಮಾ, ಏನಾಯ್ತು?"

"ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕ್ತಿದ್ರೆ ಹಿಂದೆ ಬಂದು ನಿಂತ್ಕೊಂಡು, ಬಲಗಡೆ ಜಾಗ ಜಾಸ್ತಿ ಬಿಟ್ಟಿದ್ದೀಯ ಅಂತಾರೆ. ಸ್ಕೇಲು ತಂದು ಅಳೆದೂ ತೋರಿಸಿದ್ರು ಕಣೇ! ಹಿತ್ತಿಲಲ್ಲಿ ಬಟ್ಟೆ ಒಣಗಹಾಕಿದ್ರೆ, ಉದ್ದದ್ದೆಲ್ಲ ಒಂದು ಕಡೆ, ಗಿಡ್ಡದ್ದೆಲ್ಲ ಒಂದು ಕಡೆ ಮಾಡಿಟ್ಟಿದ್ದಾರೆ. ಪಕ್ಕದ ಮನೆಯವರು ಏನು ವಿಶೇಷ ಅಂತ ಕೇಳ್ತಾರೆ. ನಾನೇನು ಹೇಳ್ಲಿ?"

ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಯಜಮಾನರು ಜಗಲಿಯ ಮೇಲೆ ಕೂತಿದ್ದರು. ಮೂರೇ ದಿನಕ್ಕೆ ಇಳಿದುಹೋದ ಹಾಗೆ ಕಂಡರು. ನನಗೆ ನಿಜವಾಗಿ ಸಂಕಟವಾಯಿತು, ಕೆಲಸ ಕೊಟ್ಟ ಮನುಷ್ಯನನ್ನು ನಾನೇ ಮನೆಗೆ ಕಳಿಸಿದಂತಾಗಿತ್ತು. ಬಹಳ ಹೇಳಿದ ಮೇಲೆ ಒಂದು ಷರತ್ತು ಹಾಕಿದರು. "ಒಂದು ಸೈಟಿನ ಸ್ಟೈಲ್‌ಶೀಟನ್ನ ಮೊದಲಿಂದ ಕೊನೇವರೆಗೆ ನಾನೇ ಬರೀತೀನಿ. ಗಿರಾಕಿ ಒಪ್ಪಿದ್ರೆ ಆಫೀಸಿಗೆ ಬರ್ತೀನಿ. ಒಪ್ಪದಿದ್ರೆ ಕಾಯಂ ಮನೆ."

ಅಮ್ಮಾವ್ರು ಗೇಟಿನವರೆಗೂ ಬಂದು ನನ್ನ ಕೈ ಹಿಡಿದುಕೊಂಡರು. "ಇವರು ಪಾಸಾದ್ರೆ ನಿಮ್ಮೂರ ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸ್ತೀನಿ. ಫೇಲಾದ್ರೆ, ನಿಮ್ಮ ಆಫೀಸಿನಲ್ಲಿ ಖಾಲಿಯಾಗೋ ಕುರ್ಚಿ ಇದ್ಯಲ್ಲ, ಅದಕ್ಕೆ ನಾನು ಬರ್ತೀನಿ."

೩. ಒದ್ದೆ ಕಲ್ಲು, ಒಣ ಕಲ್ಲು

ಪರೀಕ್ಷೆಗೆ ಮುಂಚೆ ಅಭ್ಯಾಸ ಬೇಕಲ್ಲ. ಅಷ್ಟಕ್ಕೆ ಮಾತ್ರ ಆಫೀಸಿಗೆ ಬರುತ್ತೇನೆಂದು ಯಜಮಾನರು ಬೀಗದ ಕೈ ವಾಪಸ್ ತೆಗೆದುಕೊಂಡರು. ಬೇಲೂರಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಮನೆಯ ಮಹಡಿಯಲ್ಲಿ ಪ್ರವಾಸಿಗರಿಗೆ ರೂಮು ಕೊಡುತ್ತಾರೆ. ಅವರ ಸೈಟಿನ ಬಣ್ಣದ ಕೆಲಸವನ್ನು ಯಜಮಾನರಿಗೆ ವಹಿಸಿದೆ.

ಮೇಷ್ಟ್ರು ಆಫೀಸಿಗೆ ಬಂದು ಕರವಸ್ತ್ರ ಬಿಚ್ಚಿದರು. ಒಳಗೆ ಒಂದು ಚೂರು ಬಳಪದ ಕಲ್ಲು. "ಈ ಬಣ್ಣ ಬೇಕು" ಅಂದರು. ಯಜಮಾನರು ಕಲ್ಲನ್ನು ಪರದೆಗೆ ಆನಿಸಿ ಹಿಡಿದು ಅರ್ಧ ಗಂಟೆ ಹುಡುಕಿ ಬಣ್ಣ ಹೊಂದಿಸಿದರು. ಆಗ ಮೇಷ್ಟ್ರು ನೀರು ಕೇಳಿದರು. ಕುಡಿಯುವುದಕ್ಕೆಂದು ಕೊಟ್ಟರೆ ಕಲ್ಲಿನ ಮೇಲೆ ಸುರಿದು, "ಒದ್ದೆಯಾದಾಗ ನೋಡಿ, ಹೇಗೆ ಕಪ್ಪಾಗತ್ತೆ! ಇದೂ ಬೇಕು" ಅಂದರು.

ಯಜಮಾನರು ಸೋಲಲಿಲ್ಲ. ಒಂದು ಬಣ್ಣಕ್ಕೆ ಹೆಸರು ಕೊಟ್ಟು ಒಮ್ಮೆ ಬರೆದಿಟ್ಟರೆ ಎಲ್ಲ ಕಡೆ ಆ ಹೆಸರನ್ನೇ ಬಳಸಬಹುದು ಎಂದು ಹಿಂದಿನ ದಿನ ಕಲಿತಿದ್ದರು. "ಕಲ್ಲು" ಎಂದು ಹೆಸರಿಟ್ಟರು. ತಲೆಬರಹಕ್ಕೆ ಅದೇ ಕಲ್ಲನ್ನು ಹತ್ತು ಪರ್ಸೆಂಟ್ ಗಾಢ ಮಾಡಿ "ಒದ್ದೆ ಕಲ್ಲು" ಅಂದರು. ಮೇಷ್ಟ್ರು ಅವರ ಬೆನ್ನು ತಟ್ಟಿದರು.

ಎರಡು ದಿನಕ್ಕೆ ಮೇಷ್ಟ್ರಿಂದ ದೂರು ಬಂತು, ಮನೆಯಲ್ಲಿ ಬಣ್ಣ ಬೇರೆ ಕಾಣುತ್ತಿದೆಯಂತೆ. ಇಬ್ಬರೂ ಬಸ್ಸು ಹತ್ತಿ ಬೇಲೂರಿಗೆ ಹೋದೆವು. ಮೇಷ್ಟ್ರು ಮನೆಯ ನಾಲ್ಕೂ ಫೋನುಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಂಡು ಒಂದೊಂದನ್ನೇ ನೋಡಿದರು. ಮೂರರಲ್ಲಿ ಕಲ್ಲು ಕಲ್ಲಿನ ಹಾಗೇ ಇತ್ತು. ಸೊಸೆಯ ಫೋನಿನಲ್ಲಿ ಮಾತ್ರ ಬೆಲ್ಲದ ಹಾಗೆ ಕಾಣುತ್ತಿತ್ತು.

"ಮೂರು ಜನ ಸರಿ ಬರೆದು ಒಬ್ಬ ತಪ್ಪು ಬರೆದರೆ ಪಾಠದ ತಪ್ಪಲ್ಲ" ಎಂದು ಮೇಷ್ಟ್ರು ತೀರ್ಪು ಕೊಟ್ಟರು. "ಈ ಫೋನೇ ಕೆಟ್ಟಿದೆ. ಹೊಸದು ತೆಗೆಸಿಕೊಡ್ತೀನಿ."

ನಾವು ಹೊರಡುವಾಗ ಸೊಸೆ ಗೇಟಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಕಣ್ಣಿಗೆ ಹಿತ ಅಂತ ನಾನೇ ಹಳದಿ ಬೆಳಕು ಆನ್ ಮಾಡಿದ್ದೆ ಅಕ್ಕ. ಫೋನು ಬರೋವರೆಗೂ ಮಾವಂಗೆ ಹೇಳ್ಬೇಡಿ."

೪. ಬೋಂಡಾ ಕೆಳಗಿನ ಆವರಣ

ಒಂದು ನಿಯಮದ ಹೊಟ್ಟೆಯೊಳಗೆ ಇನ್ನೊಂದನ್ನು ಬರೆಯುವ ಸೌಕರ್ಯವೂ ಪ್ರಿಪ್ರೊಸೆಸರಿನಲ್ಲಿದೆ. ಎರಡು ಮೂರು ಮೆಟ್ಟಿಲು ಇಳಿದರೆ ಸಾಕು. ಯಜಮಾನರಿಗೆ ಅದು ಎಷ್ಟು ಹಿಡಿಸಿತೆಂದರೆ ಒಂಬತ್ತು ಮೆಟ್ಟಿಲು ಇಳಿದುಬಿಟ್ಟರು. ಪ್ರತಿ ಮೆಟ್ಟಿಲಿಗೂ ಒಂದು ಆವರಣ, ಅಂದರೆ ಬ್ರಾಕೆಟ್ಟು, ತೆರೆಯಬೇಕು, ತೆರೆದ ಪ್ರತಿಯೊಂದನ್ನೂ ಮುಚ್ಚಬೇಕು. ಎಲ್ಲೋ ಒಂದು ಬಿಟ್ಟುಹೋಗಿದೆ ಎಂದು ಕಂಪ್ಯೂಟರು ಹಟ ಹಿಡಿಯಿತು.

ಪರದೆಯ ಮೇಲೆ ಹುಡುಕುವುದು ಅವರಿಗೆ ಒಗ್ಗದು. ಎಲ್ಲವನ್ನೂ ಪ್ರಿಂಟ್ ತೆಗೆದು ನೆಲದ ಮೇಲೆ ಹರಡಿ, ಬಣ್ಣದ ಪೆನ್ಸಿಲ್ ಹಿಡಿದು ಜೋಡಿಗೆ ಜೋಡಿ ಗೆರೆ ಎಳೆಯುತ್ತಾ ಮಂಡಿಯೂರಿ ಕೂತರು. ನಾನು ಗೋಡೆ ಹಿಡಿದು ಓಡಾಡಿದೆ. ಎರಡು ಗಂಟೆಯ ಮೇಲೆ ತಲೆಯೆತ್ತಿ, "ಈ ಕಂಪ್ಯೂಟರಿಗೂ ಎಣಿಕೆ ಬರಲ್ಲ ಕಣಮ್ಮ. ಒಂದು ಇಲ್ಲ ಅಂತಿದೆ. ಎರಡು ಇಲ್ಲ!" ಅಂದರು.

ಒಂದನ್ನು ಐದನೆಯ ಹಾಳೆಯಲ್ಲಿ ನಾನು ಹಿಡಿದೆ, ನಿಜವಾಗಿ ಬಿಟ್ಟುಹೋಗಿದ್ದು ಅದೇ. ಇನ್ನೊಂದು ಸಿಕ್ಕಿದ್ದು ಟೀ ಹೊತ್ತಿಗೆ. ಕಟ್ಟಕಡೆಯ ಹಾಳೆಯಲ್ಲಿ ಒಂದೇ ಒಂದು ಆವರಣ ಅಚ್ಚಾಗಿತ್ತು. ಹಾಳೆ ಖಾಲಿಯಿದೆ ಎಂದುಕೊಂಡು ಯಜಮಾನರು ಅದರ ಮೇಲೆ ಬೋಂಡಾ ಇಟ್ಟುಕೊಂಡಿದ್ದರು.

೫. ಹಳೇಬೀಡಿನ ಪರೀಕ್ಷೆ

ಕೊನೆಗೆ ಪರೀಕ್ಷೆಯ ಗಿರಾಕಿ ಸಿಕ್ಕಿದರು. ಹಳೇಬೀಡಿನ ಗೈಡು, ಇಪ್ಪತ್ತು ವರ್ಷದಿಂದ ದೇವಸ್ಥಾನ ತೋರಿಸುವವರು. ಹುಲಿಕೆರೆಯ ಕಲ್ಯಾಣಿ, ಬಸದಿಗಳು ಎಲ್ಲ ಸೇರಿ ಹನ್ನೆರಡು ಜಾಗಗಳಿಗೆ ಸೈಟಿನಲ್ಲಿ ಹನ್ನೆರಡು ಚೌಕ ಬೇಕು ಅಂದರು. ಯಜಮಾನರು ಒಂದು ಚೌಕದ ಅಲಂಕಾರವನ್ನು ಒಮ್ಮೆ ಬರೆದರು. ಹೀಗೆ ಬರೆದಿಟ್ಟು ಬೇಕಾದಲ್ಲೆಲ್ಲ ಸೇರಿಸಿಕೊಳ್ಳುವುದಕ್ಕೆ ಮಿಕ್ಸಿನ್ ಅನ್ನುತ್ತೇವೆ. ಅದನ್ನೇ ಹನ್ನೆರಡಕ್ಕೂ ಸೇರಿಸಿದರು. ನಾನು ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ನನಗೆ ಹೆಮ್ಮೆಯಾಯಿತು.

ಹಳೇಬೀಡಿಗೆ ಹೋಗಿ ತೋರಿಸಿದೆವು. ಗೈಡು ಫೋನನ್ನು ಮೇಲೆ ಕೆಳಗೆ ಮಾಡಿ ನೋಡಿ, ಯಜಮಾನರ ಕೈ ಹಿಡಿದು ದೇವಸ್ಥಾನದ ಗೋಡೆಯ ಹತ್ತಿರ ಕರೆದುಕೊಂಡು ಹೋದರು. ಕೆಳಗಿನ ಸಾಲಿನ ಆನೆಗಳನ್ನು ತೋರಿಸಿದರು.

"ಯಜಮಾನ್ರೇ, ಇಷ್ಟುದ್ದ ಆನೆ ಸಾಲು ಐತೆ. ಒಂದಾನೆ ಥರ ಇನ್ನೊಂದಾನೆ ಐತಾ? ಕಲ್ಲಲ್ಲಿ ಕೆತ್ತಿದೋರಿಗೇ ಬೇಜಾರಾಗಿಲ್ಲ. ನಿಮ್ಮ ಹನ್ನೆರಡು ಚೌಕ ಒಂದೇ ಥರ ಅವೆ. ಬೇಜಾರಾಯ್ತಾ?"

ಯಜಮಾನರು ಬಿಡುವವರಲ್ಲ. ಒಂದೇ ಥರದ ಎರಡು ಆನೆ ತೋರಿಸಿಯೇ ತೀರುತ್ತೇನೆಂದು ಬಗ್ಗಿಕೊಂಡು ಗೋಡೆ ಸುತ್ತಿದರು. ಪ್ರವಾಸಿಗರ ಒಂದು ಗುಂಪು ಅವರನ್ನೇ ಗೈಡು ಎಂದುಕೊಂಡು ಹಿಂದೆ ಹಿಂದೆ ಬಗ್ಗಿಕೊಂಡು ಹೋಯಿತು. ಕೊನೆಗೆ ಒಂದು ಜೋಡಿ ಸಿಕ್ಕಿತು ಎಂದು ಕೂಗಿದರು. ನಮ್ಮ ಗೈಡು ಓಡಿ ಬಂದು ನೋಡಿ, "ಬಾಲ ನೋಡಿ ಸ್ವಾಮಿ" ಅಂದರು.

ವಾಪಸ್ ಬಸ್ಸಿನಲ್ಲಿ ಯಜಮಾನರು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದರು. "ಆಯ್ತಲ್ಲ, ಇನ್ನು ಮನೆ" ಎಂದಷ್ಟೇ ಹೇಳಿದರು. ನನಗೆ ಆ ಗೈಡ್ ಮೇಲೆ ಸಿಟ್ಟು ಬಂತು. ಅವರ ಮಾತು ಸರಿಯಾಗಿತ್ತಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ನಾನು ಹೋಗುವ ಹೊತ್ತಿಗೆ ಬಾಗಿಲು ತೆರೆದಿತ್ತು. ಯಜಮಾನರು ಮೂಲ ಕಡತದ ಎದುರಿಗೇ ಕೂತಿದ್ದರು. "ಆನೆ ಮೈ ಎಲ್ಲಕ್ಕೂ ಒಂದೇ ಕಣಮ್ಮ. ಸೊಂಡಿಲು ಬಾಲ ಮಾತ್ರ ಬೇರೆ" ಅಂದರು. ಮಿಕ್ಸಿನ್ ಒಂದನ್ನೇ ಇಟ್ಟುಕೊಂಡು, ಒಂದೊಂದು ಚೌಕಕ್ಕೆ ಒಂದೊಂದು ಅಂಚು, ಮೂಲೆ, ನೆರಳು ಕೊಟ್ಟಿದ್ದರು. ಅದು ಮಾಡಬಹುದೆಂದು ನಾನು ಹೇಳಿಕೊಟ್ಟಿರಲಿಲ್ಲ. ಹುಡುಕಿ ಕಲಿತಿದ್ದರು.

ಗೈಡು ಹನ್ನೆರಡನ್ನೂ ಬಾಲದವರೆಗೆ ನೋಡಿ ಒಪ್ಪಿಕೊಂಡರು. ವಾರದ ಮೇಲೆ ಅವರೇ ಫೋನು ಮಾಡಿದರು. "ಒಂದೊಂದು ಚೌಕ ಒಂದೊಂದು ಥರ ಕಾಣ್ತದೆ, ಸೈಟು ಕೆಟ್ಟೈತಾ ಅಂತ ಪ್ರವಾಸಿಗಳು ಕೇಳ್ತಾರೆ ಮೇಡಂ. ನಾನು ಗೋಡೆ ಹತ್ರ ಕರ್ಕೊಂಡು ಹೋಗಿ, ಇದೂ ಕೆಟ್ಟೈತಾ ಹೇಳಿ ಅಂದೆ."

೬. ಪಾಸಾದ ಮೇಲೆ

ಅಮ್ಮಾವ್ರು ಹೇಳಿದ ಮಾತಿನಂತೆ ಹಾರನಹಳ್ಳಿಗೆ ಬಂದು ಹಣ್ಣುಕಾಯಿ ಮಾಡಿಸಿದರು. ಯಜಮಾನರು ಸೋಮವಾರದಿಂದ ಶನಿವಾರದವರೆಗೆ ಆಫೀಸಿನಲ್ಲಿ. ಎಲ್ಲರಿಗೂ ನೆಮ್ಮದಿ ಎಂದುಕೊಂಡಿದ್ದೆ. ಒಂದು ಸೋಮವಾರ ಬೆಳಿಗ್ಗೆ ಮತ್ತೆ ಅಮ್ಮಾವ್ರ ಫೋನು.

"ಏನು ಕಲಿಸಿದ್ದೀಯೆ ಇವರಿಗೆ?"

ವಿಷಯ ಇಷ್ಟು. ಭಾನುವಾರ ಅಮ್ಮಾವ್ರ ತಮ್ಮ ಸಂಸಾರ ಸಮೇತ ಊಟಕ್ಕೆ ಬರುವವರಿದ್ದರು. ಅಮ್ಮಾವ್ರಿಗೆ ಮಂಡಿನೋವು. ಯಜಮಾನರು, "ಇವತ್ತು ನೀನು ಕೂತ್ಕೊ, ಅಡುಗೆ ನಂದು. ಒಂದು ಸಲ ಬರೆದುಕೊಂಡರೆ ಮುಗೀತು" ಎಂದು ಒಂದು ಹಾಳೆ ತೆಗೆದುಕೊಂಡರಂತೆ. ಮೇಲ್ಗಡೆ ಒಗ್ಗರಣೆ, ಅದರ ಕೆಳಗೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು, ಇಂಗು. ಅದರ ಕೆಳಗೆ ಸಾರು, ಪಲ್ಯ, ಕೋಸಂಬರಿ, ಎಲ್ಲದರ ಮುಂದೆಯೂ "ಮೇಲಿನ ಒಗ್ಗರಣೆ ಸೇರಿಸುವುದು". ಶಾವಿಗೆ ಪಾಯಸಕ್ಕೂ ದ್ರಾಕ್ಷಿ ಗೋಡಂಬಿಯನ್ನು ತುಪ್ಪದಲ್ಲಿ ಹುರಿದು ಹಾಕುತ್ತಾರಲ್ಲ, ಅದೂ ಒಗ್ಗರಣೆಯೇ ಎಂದು ಪಾಯಸವನ್ನೂ ಅದೇ ಪಟ್ಟಿಗೆ ಸೇರಿಸಿದ್ದಾರೆ. ಅಷ್ಟರಲ್ಲಿ ಅಮ್ಮಾವ್ರು ಕೂತಲ್ಲಿಂದಲೇ, "ನಮ್ಮ ತಮ್ಮನಿಗೆ ಸಾರಿಗೆ ಬೆಳ್ಳುಳ್ಳಿ ಹಾಕಿದ್ರೆ ಇಷ್ಟ" ಎಂದಿದ್ದಾರೆ. ಯಜಮಾನರು ಪೆನ್ನು ತೆಗೆದು ಹಾಳೆಯ ಮೇಲ್ಗಡೆ ಒಂದೇ ಒಂದು ಕಡೆ ಬೆಳ್ಳುಳ್ಳಿ ಸೇರಿಸಿದ್ದಾರೆ.

"ಪಾಯಸಕ್ಕೆ ಬೆಳ್ಳುಳ್ಳಿ ಕಣೇ! ಸಾಸಿವೆ, ಮೆಣಸಿನಕಾಯಿ ಬೇರೆ. ನಮ್ಮ ತಮ್ಮ ಪಾಪ, ಯಾವುದೋ ಹೊಸ ಸಾರು ಅಂದ್ಕೊಂಡು ಅನ್ನಕ್ಕೆ ಕಲಸ್ಕೊಂಡ. ಎರಡನೇ ಸಲ ಹಾಕಿಸ್ಕೊಂಡು, ಭಾವ, ಇದಕ್ಕೆ ಉಪ್ಪು ಮರೆತಿದ್ದೀರಿ ಅಂದ."

ನಾನು ನಗು ತಡೆಯಲಾಗದೆ ಮೇಜು ಹಿಡಿದುಕೊಂಡೆ. ಸರಿಯಾಗಿ ಆಗಲೇ ಯಜಮಾನರು ಹಾಳೆ ಹಿಡಿದುಕೊಂಡು ಒಳಗೆ ಬಂದರು. ಮುಖದಲ್ಲಿ ಹೊಸ ಕಳೆ. ನನ್ನ ಕೈಯಲ್ಲಿ ಫೋನಿದೆ ಎಂಬುದನ್ನೂ ನೋಡದೆ ಜೋರಾಗಿ, "ತಪ್ಪೆಲ್ಲಿ ಅಂತ ಸಿಕ್ತು ಕಣಮ್ಮ! ಪಾಯಸಕ್ಕೆ ಬೇರೆ ಮಿಕ್ಸಿನ್ ಬರೀಬೇಕಿತ್ತು. ಸರಿ ಮಾಡಿದ್ದೀನಿ. ಮುಂದಿನ ಭಾನುವಾರ ಮತ್ತೆ ಅವರನ್ನೇ ಊಟಕ್ಕೆ ಕರೀತೀನಿ!" ಅಂದರು.

ಆ ಕಡೆ ಅಮ್ಮಾವ್ರಿಗೆ ಎಲ್ಲ ಕೇಳಿಸಿತ್ತು. ಬಹಳ ಮೆತ್ತಗೆ ಕೇಳಿದರು.

"ಅಲ್ವೇ, ನಿಮ್ಮ ಆಫೀಸನ್ನ ಭಾನುವಾರವೂ ತೆಗೀಬಾರ್ದಾ?"