ಎತ್ತಿದರೆ ಕೈ ಅಭ್ಯಾಸ

ಕೂಸಿರುವ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರೆ ದಿನಕ್ಕೊಂದು ತಮಾಷೆ ಪುಕ್ಕಟೆ. ನಾನು ಪ್ರವಾಸದ ಗುಂಪುಗಳನ್ನು ಕಟ್ಟಿಕೊಂಡು ದೇಶವಿದೇಶ ಸುತ್ತುವವಳು. ಯಾವ ದೇಶದಲ್ಲಿ ಬೇಕಾದರೂ ಜನರನ್ನು ಮಾತಾಡಿಸಬಲ್ಲೆ. ವಿಜಯನಗರದ ಈ ಮಹಡಿಯಲ್ಲಿ ಮಾತ್ರ ಮಾತಿಗೆ ಜನವಿಲ್ಲ, ಕುಕ್ಕರ್ ಕೂಗಿದರೆ ಅದೇ ಗಲಾಟೆ. ಕೆಳಗಿನ ಮನೆಯೊಡತಿಯ ಮಗಳು ಬಾಣಂತನಕ್ಕೆ ಬಂದ ಮೇಲೆ ನನಗಿದ್ದದ್ದು ಒಂದೇ ಆಸೆ. ಆ ಕೂಸನ್ನು ಒಂದು ಸಲ ಎತ್ತಿಕೊಳ್ಳಬೇಕು.

ಹೊರಗಿನಿಂದ ಬಂದವರು

ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಮಗು ಮುಟ್ಟುವಂತಿಲ್ಲ ಎಂಬುದು ಆ ಮನೆಯ ಕಾನೂನು. ಮೊದಲ ಸಲ ತೊಳೆದು ಬರುವಷ್ಟರಲ್ಲಿ ಮಗುವಿಗೆ ನಿದ್ದೆ. ಮರುದಿನ ಹಾಲು ಕುಡಿಯುತ್ತಿತ್ತು. ಅದರ ಮರುದಿನ ಹಟ ಹಿಡಿದು ಮೇಲೆಯೇ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಇಳಿದೆ.

"ಎಲ್ಲಿಂದ ಬಂದ್ರಿ?" ಎಂದರು ಮನೆಯೊಡತಿ.

"ಮೇಲಿಂದ."

"ಮೆಟ್ಟಿಲು ಹೊರಗಡೆ ತಾನೆ ಇರೋದು? ತೊಳ್ಕೊಂಡು ಬನ್ನಿ."

ಎಷ್ಟೋ ದೇಶಗಳ ವೀಸಾ ಸಿಕ್ಕಿದೆ ನನಗೆ. ಆ ನಡುಮನೆಗೆ ಸಿಗಲಿಲ್ಲ.

ಎತ್ತಬೇಕೋ ಬೇಡವೋ

ಕೊನೆಗೊಂದು ದಿನ ಒಳಗೆ ಬಿಟ್ಟರು. ಆದರೆ ಅಲ್ಲಿ ಅಮ್ಮ ಮಗಳ ಜಗಳ ನಡೆದಿತ್ತು.

"ಸದಾ ಎತ್ಕೊಂಡ್ರೆ ಕೈ ಅಭ್ಯಾಸ ಆಗ್ಬುಡುತ್ತೆ ಕಣೇ. ಆಮೇಲೆ ಕೆಳಗೆ ಮಲಗೋದೇ ಇಲ್ಲ."

"ಎಷ್ಟು ಬೇಕಾದ್ರೂ ಎತ್ಕೊಳ್ಳಿ ಅಂದಿದಾರೆ ಡಾಕ್ಟ್ರು. ಇಷ್ಟು ಚಿಕ್ಕದಕ್ಕೆ ಎಂಥ ಅಭ್ಯಾಸಮ್ಮಾ?"

ಅಷ್ಟರಲ್ಲಿ ಮಗು ಅತ್ತಿತು. ನಾನು ಕೈ ಚಾಚಿದೆ. ಅಜ್ಜಿ ನನಗಿಂತ ಚುರುಕು, ಬಾಚಿ ಎದೆಗವಚಿಕೊಂಡರು. ಚಾಚಿದ ಕೈಯನ್ನು ಏನು ಮಾಡುವುದು? ಪಕ್ಕದಲ್ಲಿದ್ದ ದಿಂಬನ್ನು ತೊಡೆಯ ಮೇಲಿಟ್ಟುಕೊಂಡೆ.

"ಅಭ್ಯಾಸ ಆಗಲ್ವಾ?" ಎಂದು ಕೇಳಿದೆ.

"ನಾನೆಲ್ಲಿ ಎತ್ಕೊಂಡಿದೀನಿ? ಹೀಗೆ ಎತ್ಕೋಬಾರ್ದು ಅಂತ ಇವಳಿಗೆ ತೋರಿಸ್ತಾ ಇದೀನಿ."

ಸಂಜೆಯವರೆಗೂ ತೋರಿಸಿದರು.

ರೈಲು

ಮೊನ್ನೆ ಕೆಲಸವಿರಲಿಲ್ಲ. ಖಾಲಿ ಮನೆಯಲ್ಲಿ ಕೂರಲಾರದೆ, ಎಲ್ಲಿಗಾದರೂ ಸರಿ ಎಂದು ರೈಲು ಟಿಕೆಟ್ ಮಾಡಿಸಿದ್ದೆ. ಬೀಗದ ಕೈ ಕೊಟ್ಟು ಹೋಗಲು ಮಧ್ಯಾಹ್ನ ಇಳಿದರೆ, ಮಗು ಸೂರು ಕಿತ್ತುಹೋಗುವ ಹಾಗೆ ಕಿರುಚುತ್ತಿದೆ. ಅಜ್ಜಿಗೆ ಸೊಂಟ ಹಿಡಿದುಕೊಂಡಿದೆ, ತಾಯಿಗೆ ಕಣ್ಣೇ ಬಿಡಲಾಗುತ್ತಿಲ್ಲ.

"ಒಂದ್ನಿಮಿಷ ಹಿಡ್ಕೊಳ್ಳಿ ಆಂಟಿ" ಎಂದು ಮಗುವನ್ನು ನನ್ನ ತೋಳಿಗೆ ಹಾಕಿದವಳು ಗೋಡೆಗೊರಗಿ ಹಾಗೇ ನಿದ್ದೆಹೋದಳು.

ಕತ್ತಿನ ಕೆಳಗೆ ಕೈ ಕೊಟ್ಟು ಹೆಗಲಿಗೆ ಹಾಕಿಕೊಂಡೆ. ನಿಂತರೆ ಅಳು, ನಡೆದರೆ ಮೌನ. ನನಗೂ ಒಂದು ಕಡೆ ನಿಂತು ಗೊತ್ತಿಲ್ಲ. ಅಂಗಳದಲ್ಲಿ ಓಡಾಡುತ್ತಿದ್ದ ಹಾಗೇ ಅದರ ಬೆಚ್ಚನೆಯ ಉಸಿರು ನನ್ನ ಕುತ್ತಿಗೆಯ ಮೇಲೆ ನಿಧಾನವಾಯಿತು.

ಆಗಲೇ ಸ್ಟೇಷನ್ನಿಗೆ ಹೋಗಲು ನಾನು ಹೇಳಿದ್ದ ಆಟೋ ಗೇಟಿನ ಮುಂದೆ ಬಂದು ನಿಂತಿತು.

"ಬರಲ್ಲಪ್ಪ" ಎಂದು ಪಿಸುಗುಟ್ಟಿದೆ. "ಮಗು ಮಲಗಿದೆ."

ಆಟೋದವನೂ ಪಿಸುಗುಟ್ಟಿದ. "ಮೊಮ್ಮಗೂನಾ?"

"ಅಲ್ಲ, ಓನರ್ ಮನೇದು."

"ಮತ್ಯಾಕಮ್ಮ ರೈಲು ಬುಡ್ತೀರಿ? ಅವರಿಗೇ ಕೊಟ್ಬುಟ್ಟು ಬನ್ನಿ."

"ಇವತ್ತೇ ಮೊದಲನೇ ಸಲ ಕೊಟ್ಟಿರೋದು ಕಣಪ್ಪ."

ಅವನು ಆಟೋ ಸ್ಟಾರ್ಟ್ ಮಾಡದೆ, ರಸ್ತೆಯ ಮೂಲೆಯವರೆಗೂ ತಳ್ಳಿಕೊಂಡೇ ಹೋದ.

ಎಷ್ಟೋ ಹೊತ್ತಿನ ಮೇಲೆ ತಾಯಿ ಗಾಬರಿಯಾಗಿ ಎದ್ದು ಬಂದಳು. "ಅಯ್ಯೋ ಆಂಟಿ, ನಿಮ್ಮ ರೈಲು! ಕೊಡಿ ಕೊಡಿ."

"ಲೇಟಂತೆ ಕಣಮ್ಮ" ಎಂದೆ, ಓಡಾಟ ನಿಲ್ಲಿಸದೆ.

"ಎಷ್ಟು ಲೇಟು?"

"ಇದು ಎದ್ದ ಮೇಲೆ ಬಿಡ್ತಾರಂತೆ."