ಲಿವರ್ ಸಾಸೇಜಿನ ಜೊಂಪು

"ಇನ್ನು ಮುಂದೆ ಹಂದಿಯಲ್ಲಿ ದೋಷವೇ ಇಲ್ಲ!" ಎಂದು ಘೋಷಿಸಿದ ಸಿಪ್ರಿಯನ್ ಪಿಂಟೋ ಯಂತ್ರದ ಮೇಲೆ ಹೊದಿಸಿದ್ದ ಬೆಡ್‌ಶೀಟನ್ನು ರಭಸದಿಂದ ಎಳೆದರು. ಅದು ಯಾವುದೋ ಮೊಳೆಗೆ ಸಿಕ್ಕಿ ಪರ್ರೆಂದು ಹರಿಯಿತು.

"ನನ್ನ ಮದುವೆಯ ಬೆಡ್‌ಶೀಟು!" ಎಂದರು ಹೆಂಡತಿ ಕಾರ್ಮಿನ್ ಬಾಯಿ.

"ವಿಜ್ಞಾನಕ್ಕೆ ಸ್ವಲ್ಪ ತ್ಯಾಗ ಬೇಕು ಕಾರ್ಮಿನ್."

"ತ್ಯಾಗ ಆಗುವುದು ಯಾವಾಗ್ಲೂ ನನ್ನದೇ ಸಾಮಾನು! ನಿಮ್ಮದೊಂದು ಲುಂಗಿಯಾದ್ರೂ ವಿಜ್ಞಾನಕ್ಕೆ ಹೋದದ್ದುಂಟಾ?"

ಮಂಗಳೂರಿನ ಬೊಂದೇಲಿನ ಇಳಿಜಾರು ಓಣಿಯ ಆ ಜಗಲಿಯಲ್ಲಿ ಪ್ರೇಕ್ಷಕರು ಇಬ್ಬರೇ. ಒಬ್ಬರು ಡಾಕ್ಟರ್ ಸದಾನಂದ ರೈ. ಸೋಮವಾರ ಅವರ ಕ್ಲಿನಿಕ್ಕಿಗೆ ರಜೆ. ಇನ್ನೊಬ್ಬರು ಪಕ್ಕದ ಮನೆಯ ಜಲಜಕ್ಕ. ಸೋಮವಾರ ಅವರು ಮೀನು ಮಾಂಸ ಮುಟ್ಟುವುದಿಲ್ಲ. ನೋಡುವುದಕ್ಕೆ ಯಾವ ವ್ರತವೂ ಅಡ್ಡ ಬರುವುದಿಲ್ಲವೆಂದು ಮಡಿಲಲ್ಲಿ ಮಲ್ಲಿಗೆ ಹಾಕಿಕೊಂಡು ಕಟ್ಟುತ್ತಾ ಕುಳಿತಿದ್ದರು.

ಸಿಪ್ರಿಯನ್ ಜೀವಮಾನವಿಡೀ ಹಂಚಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತರಾದ ಮೇಲೆ ಕೆಡದೇ ಇರುವುದನ್ನು ರಿಪೇರಿ ಮಾಡುವ ಚಟ ಹತ್ತಿತು. ಅವರು ಕರೆಂಟು ಕೊಟ್ಟು ಓಡಿಸಿದ ತುರಿಮಣೆ ತೆಂಗಿನಕಾಯಿ ಮುಗಿದ ಮೇಲೂ ನಿಲ್ಲದೆ ಊಟದ ಮೇಜಿನ ಒಂದು ಮೂಲೆಯನ್ನು ತುರಿದು ಹಾಕಿತ್ತು. ಹಾಗಾಗಿ ಹೊಸ ಯಂತ್ರವೆಂದರೆ ಕಾರ್ಮಿನ್ ಬಾಯಿಗೆ ಮೈಯೆಲ್ಲ ಉರಿ.

ಆದರೆ ಈ ಸಲ ಬಾಯಲ್ಲಿ ಎಷ್ಟೇ ಗೊಣಗಿದರೂ ಯಂತ್ರ ಗೆಲ್ಲಲಿ ಎಂದು ಅವರು ಗುಟ್ಟಾಗಿ ಇಗರ್ಜಿಯಲ್ಲಿ ಮೇಣದ ಬತ್ತಿ ಹಚ್ಚಿ ಬಂದಿದ್ದರು. ಅವರ ಅಪ್ಪ ಹಿಂದೆ ವಿದೇಶಿ ಪಾದ್ರಿಗಳ ಅಡುಗೆಮನೆಯಲ್ಲಿದ್ದವರು. ಹಂದಿಯ ಲಿವರನ್ನು ನುಣ್ಣಗೆ ಕೊಚ್ಚಿ, ಕೊಬ್ಬು ಬೆರೆಸಿ, ಕರುಳಿಗೆ ತುಂಬಿಸಿ ಬೇಯಿಸುವುದನ್ನು ಅಲ್ಲಿ ಕಲಿತರು. ಪಾದ್ರಿಗಳು ಬೆನ್ನು ತಿರುಗಿಸಿದಾಗ ಅದಕ್ಕೆ ಕಾಳುಮೆಣಸು, ಜೀರಿಗೆ, ವಿನೆಗರ್ ಸೇರಿಸಿ ಮಂಗಳೂರಿನದ್ದಾಗಿ ಮಾಡಿ, ಆ ಕೈರುಚಿಯನ್ನು ಮಗಳಿಗೆ ಬಿಟ್ಟುಹೋದರು. ಹೆಣ್ಣು ನೋಡಲು ಬಂದ ಸಿಪ್ರಿಯನ್ ಹೆಣ್ಣಿನ ಮುಖ ಸರಿಯಾಗಿ ನೋಡದೆ ಸಾಸೇಜಿಗೆ ಒಪ್ಪಿಗೆ ಕೊಟ್ಟರೆಂಬುದು ಮನೆಯ ಹಳೆಯ ತಮಾಷೆ.

ಈಗ ಆ ಸಾಸೇಜು ನಿಂತು ತಿಂಗಳುಗಳಾಗಿದ್ದವು. ಸಿಪ್ರಿಯನ್ನರ ಕಾಲಿನ ಹೆಬ್ಬೆರಳು ಬದನೆಕಾಯಿಯ ಹಾಗೆ ಊದಿಕೊಂಡದ್ದೇ ತಡ, ಡಾಕ್ಟರು ಪಥ್ಯ ಹೇಳಿ, ಕ್ರಿಸ್‌ಮಸ್ಸಿಗೆ ಮಾತ್ರ ಒಂದು ತುಂಡು ಬಿಟ್ಟುಕೊಟ್ಟರು. ಅಂದಿನಿಂದ ಗಂಡ ಹೆಂಡತಿ ಎದುರುಬದುರು ಕುಳಿತು ಗಂಜಿ ಮತ್ತು ತೊಂಡೆಕಾಯಿ ಪಲ್ಯ ಉಣ್ಣುತ್ತಿದ್ದರು. ಗಂಜಿಯ ಮುಂದೆ ಅವರ ಜಗಳಕ್ಕೂ ರುಚಿ ಇರಲಿಲ್ಲ. ಮಾತಿಲ್ಲದ ಆ ಊಟ ಕಾರ್ಮಿನ್ ಬಾಯಿಗೆ ಸಹಿಸಲಾಗದ ದುಃಖವಾಗಿತ್ತು.

"ನೋಡಿ ಪೊರ್ಬುಗಳೇ," ಎಂದು ಊರಿನ ಕೊಂಕಣಿ ಕ್ರೈಸ್ತರನ್ನು ಕರೆಯುವ ಹೆಸರಿನಿಂದಲೇ ಶುರು ಮಾಡಿದರು ಡಾಕ್ಟರು, "ಲಿವರಿನಲ್ಲಿ ಕಬ್ಬಿಣ ಉಂಟು, ಎ ವಿಟಮಿನ್ ಉಂಟು, ಬಿ ಹನ್ನೆರಡು ಉಂಟು, ಪ್ರೋಟೀನ್ ಉಂಟು. ಎಲ್ಲ ಒಪ್ಪುವಾ. ಆದ್ರೆ ಅದ್ರ ಒಟ್ಟಿಗೆ ಕೊಬ್ಬು ಉಂಟು, ಉಪ್ಪು ಉಂಟು, ನಿಮ್ಮ ಹೆಬ್ಬೆರಳಿಗೆ ಬೇಕಾದಷ್ಟು ಯೂರಿಕ್ ಆಸಿಡ್ ಉಂಟು! ನಿಮ್ಮ ಯಂತ್ರ ಅದನ್ನೆಲ್ಲ ತೆಗೆದ್ರೆ ಧಾರಾಳ ತಿನ್ನಿ. ತೆಗೀಲಿಕ್ಕೆ ಆಗದಿದ್ರೆ ಕ್ರಿಸ್‌ಮಸ್ಸಿನ ಒಂದು ತುಂಡು ಸಹ ಬಂದ್."

"ಅದೂ ಬಂದಾ?" ಕಾರ್ಮಿನ್ ಬಾಯಿಯ ಸ್ವರ ಸಣ್ಣದಾಯಿತು.

"ಬಂದ್."

"ಅದಕ್ಕೇ ಅಲ್ವಾ ಈ ಗುಣದೋಷ ವಿಚ್ಛೇದಕ!" ಎಂದರು ಸಿಪ್ರಿಯನ್.

"ಕಥೋಲಿಕರ ಮನೆಯಲ್ಲಿ ವಿಚ್ಛೇದನ ಇಲ್ಲ, ಹೆಸರು ಬದಲಿಸಿ," ಎಂದರು ಕಾರ್ಮಿನ್ ಬಾಯಿ.

ಯಂತ್ರದ ಹೊಟ್ಟೆ ಎಂದರೆ ಕಾರ್ಮಿನ್ ಬಾಯಿ ಇಡ್ಲಿಯಂಥ ಸನ್ನ ಬೇಯಿಸುವ ದೊಡ್ಡ ಹಬೆಪಾತ್ರೆ. ಅದರ ಬಗಲಿಗೆ ಕಾರ್ಖಾನೆಯ ಹಳೆಯ ಪಂಪು, ಪಂಪಿಗೆ ಸುತ್ತಿದ ತಾಮ್ರದ ಸುರುಳಿ, ಸುರುಳಿಯ ತುದಿಗೆ ನಾಲ್ಕು ನಲ್ಲಿ. ಸಾಸೇಜನ್ನು ಒಳಗಿಟ್ಟರೆ ಹಬೆ ಅದರ ಸಾರವನ್ನೆಲ್ಲ ಬಿಡಿಸುತ್ತದೆ. ಕಬ್ಬಿಣ ಒಂದು ನಲ್ಲಿಗೆ, ವಿಟಮಿನ್ನುಗಳು ಇನ್ನೊಂದಕ್ಕೆ, ದೋಷಗಳೆಲ್ಲ ಮೂರನೆಯದಕ್ಕೆ. ಗುಣಗಳನ್ನು ಕೊನೆಗೆ ಸಾಸೇಜಿಗೇ ಸುರಿಯುವುದು, ದೋಷವನ್ನು ಚರಂಡಿಗೆ ಚೆಲ್ಲುವುದು.

"ನಾಲ್ಕನೇದು ಎಂತಕ್ಕೆ?" ಜಲಜಕ್ಕ ಕೇಳಿದರು.

"ಒಂದು ನಲ್ಲಿ ಉಳಿದಿತ್ತು. ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಪರೀಕ್ಷೆಗೆಂದೇ ಕಾರ್ಮಿನ್ ಬಾಯಿ ಮಾಡಿಟ್ಟಿದ್ದ ಸಾಸೇಜನ್ನು ಒಳಗಿಟ್ಟು ಒಲೆ ಹಚ್ಚಿದರು. ಪಂಪು ಕೆಮ್ಮಿತು. ಮೊದಲ ನಲ್ಲಿಯಿಂದ ತುಕ್ಕಿನ ಬಣ್ಣದ ನೀರು ಬಾಟಲಿಗೆ ತೊಟ್ಟಿಕ್ಕಿತು. ಮರುಕ್ಷಣ ಜಲಜಕ್ಕನ ಬಳೆಯಲ್ಲಿ ನೇತಾಡುತ್ತಿದ್ದ ಪಿನ್ನುಗಳೆಲ್ಲ ಚಂಗನೆ ಹಾರಿ ಬಾಟಲಿಗೆ ಅಂಟಿಕೊಂಡವು!

"ಓ ದೇವರೇ! ನನ್ನ ಪಿನ್ನು!"

"ನೋಡಿದ್ರಾ ಕಬ್ಬಿಣದ ಪವರು!" ಸಿಪ್ರಿಯನ್ ಕುಣಿಯಲು ಹೋದರು, ಹೆಬ್ಬೆರಳು ಬಿಡಲಿಲ್ಲ.

ಎರಡನೆಯ ನಲ್ಲಿಯ ಹನಿಯನ್ನು ಮನೆಯ ಬೆಕ್ಕು ನೆಕ್ಕಿತು. ಎ ವಿಟಮಿನ್ ಕಣ್ಣಿಗೆ ಒಳ್ಳೆಯದು ಎನ್ನುವುದು ಸುಳ್ಳಲ್ಲ. ಬೆಕ್ಕು ಗೋಡೆಯನ್ನೇ ದಿಟ್ಟಿಸಿ ನೋಡಿ, ಗೋಡೆಯ ಆಚೆ ಜಲಜಕ್ಕನ ಅಟ್ಟದಲ್ಲಿದ್ದ ಇಲಿಯ ಮೇಲೆ ಹಾರಿತು. ಗೋಡೆ ನಡುವೆ ಇದೆಯೆಂಬುದು ಅದಕ್ಕೆ ಮೂಗು ಜಜ್ಜಿದ ಮೇಲೆ ತಿಳಿಯಿತು. ಮೂರನೆಯ ನಲ್ಲಿಯಿಂದ ಕೊಬ್ಬು ಧಾರೆಧಾರೆಯಾಗಿ ಇಳಿಯತೊಡಗಿತು. ಡಾಕ್ಟರು ಕುರ್ಚಿಯಿಂದ ಅರ್ಧ ಎದ್ದರು. ಅವರ ಮುಖದಲ್ಲಿ ಮೊದಲ ಬಾರಿಗೆ ಗೌರವ ಕಾಣಿಸಿತು. ಕಾರ್ಮಿನ್ ಬಾಯಿಯ ಎದೆ ಹಗುರವಾಯಿತು. ಇನ್ನೇನು, ಭಾನುವಾರ ಮತ್ತೆ ಮೇಜಿನ ಮೇಲೆ ಸಾಸೇಜು, ಮತ್ತೆ ಒಳ್ಳೆಯ ಜಗಳ!

ಆ ಸಂತೋಷದಲ್ಲೇ ಎಡವಟ್ಟಾಯಿತು. ಹಬೆಪಾತ್ರೆ ಬುಸುಗುಡುತ್ತಿದೆ, ಮೇಲಿನ ತಟ್ಟೆ ಖಾಲಿ ಇದೆ. ಅದನ್ನು ನೋಡಿಕೊಂಡು ಸುಮ್ಮನಿರುವ ಹೆಂಗಸು ಕಾರ್ಮಿನ್ ಬಾಯಿಯ ವಂಶದಲ್ಲೇ ಹುಟ್ಟಿರಲಿಲ್ಲ. ಬೆಳಗ್ಗೆ ಕಳ್ಳು ಹಾಕಿ ಹುದುಗಲು ಇಟ್ಟಿದ್ದ ಸನ್ನದ ಹಿಟ್ಟು ಒಳಗೆ ಉಬ್ಬಿ ಕಾಯುತ್ತಿತ್ತು. ಅವರ ಕೈಗಳು ಅವರನ್ನು ಕೇಳದೆ ಹಿಟ್ಟನ್ನು ಬಟ್ಟಲುಗಳಿಗೆ ಹೊಯ್ದು, ತಟ್ಟೆಯಲ್ಲಿ ಇಟ್ಟು, ಮುಚ್ಚಳದ ಮೇಲೆ ಶಿಲುಬೆಯ ಗುರುತು ಹಾಕಿ ಮುಚ್ಚಿದವು.

"ಕಾರ್ಮಿನ್! ಅದ್ರಲ್ಲಿ ಎಂತ ಹಾಕಿದ್ದು?"

"ಸನ್ನ. ಹಬೆ ಸುಮ್ಮನೆ ಹಾಳಾಗ್ತಿತ್ತಲ್ಲ."

"ಕಳ್ಳು ಹಾಕಿದ ಹಿಟ್ಟಾ? ಅದು ಹುದುಗಿಸ್ತದೆ ಮಾರಾಯ್ತಿ! ಒಳಗೆ ಇದ್ದದ್ದನ್ನೆಲ್ಲ ಉಬ್ಬಿಸ್ತದೆ!"

ಅಷ್ಟರಲ್ಲಿ ನಾಲ್ಕನೆಯ ನಲ್ಲಿ ಒಂದು ಆಕಳಿಕೆಯ ಸದ್ದು ಮಾಡಿತು. ಅದರಿಂದ ತೆಳು ಗುಲಾಬಿ ಬಣ್ಣದ ಮಂಜು ಹೊರಬಂದು ಜಗಲಿಯ ನೆಲದ ಮೇಲೆ ಮೆತ್ತಗೆ ಹರಡಿತು. ಕಾಳುಮೆಣಸಿನ ಬಿಸಿ ವಾಸನೆ ಅದರಲ್ಲಿತ್ತು.

"ಇದು ಯಾವ ವಿಟಮಿನ್ ಡಾಕ್ಟ್ರೇ?"

"ಇದು... ಯಾವ ಪುಸ್ತಕದಲ್ಲೂ ಇಲ್ಲ," ಎಂದ ಡಾಕ್ಟರ ಕಣ್ಣುಗಳು ಆಗಲೇ ಅರೆಮುಚ್ಚಿದ್ದವು. "ಆದ್ರೆ ನಂಗೆ ಗೊತ್ತುಂಟು. ಇದು... ಹಂದಿ ಊಟ ಆದ ಮೇಲೆ ಬರುವ... ಜೊಂಪು..."

ಗಲ್ಲ ಎದೆಗೆ ಬಿತ್ತು. ಡಾಕ್ಟರು ಗೊರಕೆ ಹೊಡೆಯತೊಡಗಿದರು.

ಸಾಸೇಜಿನ ಪ್ರತಿ ಚೂರಿನಲ್ಲೂ ಅಡಗಿದ್ದ ಜೊಂಪು ಕಳ್ಳಿನ ಹುದುಗಿಗೆ ಸಿಕ್ಕಿ ಒಂದಕ್ಕೆ ಹತ್ತಾಗಿ ಉಬ್ಬಿತು. ಜಗಲಿ ತುಂಬಿ, ಮೆಟ್ಟಿಲಿಳಿದು, ಓಣಿಗೆ ಹರಿಯಿತು. ಜಲಜಕ್ಕ ಮಲ್ಲಿಗೆಯ ಮಾಲೆಯ ಮೇಲೆಯೇ ಒರಗಿದರು. ಏರು ಹತ್ತುತ್ತಿದ್ದ ಒಂದು ರಿಕ್ಷಾ ನಿಧಾನವಾಗಿ ನಿಂತು ತೂಕಡಿಸಿತು, ಒಳಗಿನವರೂ ತೂಕಡಿಸಿದರು. ತೆಂಗಿನ ಮರದ ಕಾಗೆಗಳು ರೆಕ್ಕೆಯೊಳಗೆ ಕೊಕ್ಕಿಟ್ಟವು. ನಲ್ಲಿ ತಿರುಗಿಸಲು ಹೊರಟ ಸಿಪ್ರಿಯನ್ ದಾರಿಯಲ್ಲೇ ಕುಳಿತು, ಹರಿದ ಬೆಡ್‌ಶೀಟನ್ನು ಮೈಮೇಲೆ ಎಳೆದುಕೊಂಡರು. ಕಾರ್ಮಿನ್ ಬಾಯಿ ಅವರ ಪಕ್ಕದಲ್ಲಿ ಕುಳಿತದ್ದಷ್ಟೇ ನೆನಪು.

ಕಣ್ಣು ಬಿಟ್ಟರೆ ಓಣಿಯೇ ಒಂದು ಉದ್ದನೆಯ ಮೇಜಾಗಿತ್ತು. ಬಿಳಿಯ ಬಟ್ಟೆ ಹಾಸಿದ ಆ ಮೇಜು ಗುಡ್ಡ ಇಳಿದು, ಗದ್ದೆ ದಾಟಿ, ಸಮುದ್ರದವರೆಗೂ ಹೋಗಿತ್ತು. ಮೋಡಗಳು ಕೈಗೆಟುಕುವಷ್ಟು ಕೆಳಗಿದ್ದವು, ಒಂದೊಂದು ಮೋಡದಿಂದಲೂ ಸಾಸೇಜಿನ ಮಾಲೆ ಇಳಿಬಿದ್ದಿತ್ತು. ಮೇಜಿನ ಈ ತುದಿಯಲ್ಲಿ ಕಾರ್ಮಿನ್ ಬಾಯಿಯ ತೀರಿಹೋದ ಅಪ್ಪ ಏಪ್ರನ್ ಕಟ್ಟಿಕೊಂಡು ಚೂರಿ ಮಸೆಯುತ್ತಾ ನಿಂತಿದ್ದರು, ಏನೂ ಆಗದವರ ಹಾಗೆ. "ದಪ್ಪ ಕತ್ತರಿಸು ಮಗಾ, ತೆಳ್ಳಗೆ ಕತ್ತರಿಸಿದ್ರೆ ಬಂದವರಿಗೆ ಬೇಜಾರಾಗ್ತದೆ," ಎಂದರು. ಕಾರ್ಮಿನ್ ಬಾಯಿಗೆ ಕಣ್ಣು ತುಂಬಿತು. ದಪ್ಪಗೆ ಕತ್ತರಿಸಿದರು.

ಓಣಿಯವರೆಲ್ಲ ಅಲ್ಲಿದ್ದರು. ಡಾಕ್ಟರು ಕೊರಳಿಗೆ ಕರವಸ್ತ್ರ ಕಟ್ಟಿಕೊಂಡು, ನೆಲಕ್ಕೆ ತಾಗದ ಕುರ್ಚಿಯಲ್ಲಿ ತೇಲುತ್ತಾ, ಎರಡೂ ಕೈಯಲ್ಲಿ ತಿನ್ನುತ್ತಿದ್ದರು. ಜಲಜಕ್ಕ ಮಲ್ಲಿಗೆಯ ದೋಣಿಯಲ್ಲಿ ಬಂದಿಳಿದು ತಟ್ಟೆ ಚಾಚಿದರು. ಸಿಪ್ರಿಯನ್ ಕುಂಟದೆ ನಡೆದು ಬಂದು ಹೆಂಡತಿಯ ಪಕ್ಕದಲ್ಲಿ ಕುಳಿತರು. ಒಂದು ತುಂಡು ಬಾಯಿಗಿಟ್ಟು, "ಇವತ್ತು ಮೆಣಸು ಸ್ವಲ್ಪ ಹೆಚ್ಚಾಯ್ತು," ಎಂದರು.

"ಹೆಚ್ಚಾದ್ರೆ ಬಿಡಿ, ಯಾರೂ ಒತ್ತಾಯ ಮಾಡ್ಲಿಲ್ಲ!" ಎಂದರು ಕಾರ್ಮಿನ್ ಬಾಯಿ. ಎಷ್ಟು ತಿಂಗಳಾಗಿತ್ತು ಹೀಗೆ ಜಗಳವಾಡದೆ! ಇದು ಕನಸೆಂದು ಅವರಿಗೆ ತಿಳಿದಿತ್ತು. ಮುಗಿಯದಿರಲಿ ಎಂದು ಇನ್ನೊಂದು ಮಾಲೆಗೆ ಕೈ ಚಾಚಿದರು.

ಇಗರ್ಜಿಯ ಸಂಜೆಯ ಗಂಟೆ ಹೊಡೆದಾಗ ಎಲ್ಲರೂ ಎಚ್ಚೆತ್ತರು. ಒಲೆ ಆರಿತ್ತು, ಮಂಜು ಕರಗಿತ್ತು. ಸಿಪ್ರಿಯನ್ ಆತುರದಿಂದ ಮುಚ್ಚಳ ತೆಗೆದರು. ಒಳಗೆ ಸನ್ನಗಳು ತಲೆದಿಂಬಿನಷ್ಟು ಉಬ್ಬಿದ್ದವು. ನಡುವೆ ಬೆಳ್ಳಗೆ ಬಿಳಿಚಿದ ಸಾಸೇಜು ಬಿದ್ದಿತ್ತು. ಗುಣವನ್ನು ತಿರುಗಿ ಸುರಿಯೋಣವೆಂದರೆ ಮಲಗಿದವರ ಕಾಲು ತಾಗಿ ಬಾಟಲಿಗಳೆಲ್ಲ ಉರುಳಿದ್ದವು. ಒಂದು ತುಂಡು ಕಚ್ಚಿದ ಸಿಪ್ರಿಯನ್ ಅಗಿಯುತ್ತಾ ಅಗಿಯುತ್ತಾ ನಿಂತರು.

"ಹೇಗುಂಟು?"

"ನೆನೆದ ರಟ್ಟಿನ ಹಾಗೆ," ಎಂದರು ಸಣ್ಣಗೆ. "ದೋಷ ಹೋಯ್ತು. ಒಟ್ಟಿಗೆ ಸಾಸೇಜೂ ಹೋಯ್ತು."

ಅವರ ಮುಖ ನೋಡಿ ಕಾರ್ಮಿನ್ ಬಾಯಿಗೆ ಬೈಯಲು ಮನಸ್ಸು ಬರಲಿಲ್ಲ. ಹಿಟ್ಟು ಹಾಕಿದ್ದು ತಾನೇ. ಕ್ರಿಸ್‌ಮಸ್ಸಿನ ತುಂಡೂ ಇನ್ನಿಲ್ಲವೆಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಆಗ ಡಾಕ್ಟರು ದೊಡ್ಡದಾಗಿ ತೇಗಿದರು. ಕಾಳುಮೆಣಸಿನ ತೇಗು!

"ನಾನು ಎಂತದೂ ತಿನ್ಲಿಲ್ಲ," ಎಂದರು ಗಾಬರಿಯಿಂದ. ಏಳಲು ಹೋದರೆ ಪ್ಯಾಂಟಿನ ಗುಂಡಿ ಪಟ್ಟನೆ ಹಾರಿತು. ಎದ್ದು ನಿಂತವರು "ಅಯ್ಯೋ!" ಎಂದು ಮತ್ತೆ ಕುಳಿತರು. ಚಪ್ಪಲಿಯಿಂದ ಹೊರಬಂದ ಅವರ ಹೆಬ್ಬೆರಳು ಬದನೆಕಾಯಿಯಾಗುವ ದಾರಿಯಲ್ಲಿತ್ತು.

"ಡಾಕ್ಟ್ರೇ, ನಿಮಗೆ ಕನಸಿನಲ್ಲಿ ತಿಂದದ್ದು ತಾಗಿದೆ!" ಎಂದರು ಕಾರ್ಮಿನ್ ಬಾಯಿ.

ಎಲ್ಲರೂ ಜಲಜಕ್ಕನ ಕಡೆ ತಿರುಗಿದರು. ವರ್ಷಾನುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದರೂ ಕೆಂಪಾಗದ ಕೆನ್ನೆಗಳು ಕಾಶ್ಮೀರದ ಸೇಬಾಗಿದ್ದವು.

"ಇವತ್ತು ಸೋಮವಾರ!" ಜಲಜಕ್ಕ ಕೆನ್ನೆ ಮುಟ್ಟಿಕೊಂಡರು. ಸ್ವಲ್ಪ ಯೋಚಿಸಿ, "ಅಲ್ಲಿ ಯಾವ ವಾರ ಇತ್ತೋ ಯಾರಿಗೆ ಗೊತ್ತು," ಎಂದು ಸಮಾಧಾನ ಮಾಡಿಕೊಂಡರು.

ಡಾಕ್ಟರು ಎಲ್ಲರ ನಾಡಿ ಹಿಡಿದು ನೋಡಿದರು, ತಮ್ಮದನ್ನು ಎರಡು ಸಲ. ಕೊನೆಗೆ ಗುಂಡಿಯಿಲ್ಲದ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ತೀರ್ಪು ಕೊಟ್ಟರು.

"ಪೊರ್ಬುಗಳೇ, ಹಸಿದವನು ಕನಸಿನಲ್ಲಿ ತಿಂದ್ರೆ ಕೈ ಹಿಡೀಲಿಕ್ಕೆ ಯಾರೂ ಇಲ್ಲ. ಅದಕ್ಕಿಂತ ಎಚ್ಚರದಲ್ಲಿ ತಿನ್ನುವುದೇ ವಾಸಿ. ಭಾನುವಾರ ಒಂದು ತುಂಡು. ಕಾರ್ಮಿನ್ ಬಾಯಿ ಕತ್ತರಿಸಬೇಕು, ಪಕ್ಕದಲ್ಲೇ ಕೂತಿರಬೇಕು. ತಿಂದ ಮೇಲೆ ಮಾತ್ರ ಮಲಗ್ಲಿಕ್ಕಿಲ್ಲ!"

"ಮಲಗದ ಹಾಗೆ ನೋಡಿಕೊಳ್ಳುವುದು ಹೇಗೆ?"

"ಜಗಳ ಮಾಡಿ."

ಆ ಪಥ್ಯವನ್ನು ಗಂಡ ಹೆಂಡತಿ ಇವತ್ತಿಗೂ ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ಭಾನುವಾರ ಮಧ್ಯಾಹ್ನ ಆ ಮನೆಯ ಗಲಾಟೆ ಇಗರ್ಜಿಯವರೆಗೂ ಕೇಳಿಸುತ್ತದೆ. ಡಾಕ್ಟರ ಕ್ಲಿನಿಕ್ಕಿನಲ್ಲೂ ಒಂದು ಬದಲಾವಣೆಯಾಗಿದೆ. ಏನು ತಿಂದಿರಿ ಎಂದು ಅವರು ಈಗ ಯಾರನ್ನೂ ಕೇಳುವುದಿಲ್ಲ. ಏನು ಕನಸು ಕಂಡಿರಿ ಎಂದು ಕೇಳುತ್ತಾರೆ.

"ಗಂಜಿ ಡಾಕ್ಟ್ರೇ," ಎನ್ನುತ್ತಾರೆ ಸಿಪ್ರಿಯನ್, ತಲೆ ತಗ್ಗಿಸಿ. "ಬರೀ ಗಂಜಿಯ ಕನಸು."

ಗಂಜಿಯ ಕನಸಿಗೆ ಯಾರೂ ನಿದ್ದೆಯಲ್ಲಿ ಹಾಗೆ ಬೆರಳು ನೆಕ್ಕುವುದಿಲ್ಲವೆಂದು ಕಾರ್ಮಿನ್ ಬಾಯಿಗೆ ಗೊತ್ತು. ಹೇಳುವುದಿಲ್ಲ, ಅಷ್ಟೇ.